ಗೀರಿಲ್ಲದ ಗಾಜು

ಗೋಡೆಗೂ ಹೊಟ್ಟೆ ಇರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಯಾರಾದರೂ ಗೋಡೆಗೆ ಕೈಯೂರಿ ನಿಂತು ಸುಳ್ಳು ಹೇಳಿದರೆ ಅದು ಆ ಸುಳ್ಳನ್ನು ಗುಳುಂ ಎಂದು ನುಂಗಿ, ಸುಣ್ಣದ ಹಿಂದೆ ಬಚ್ಚಿಟ್ಟುಕೊಂಡು ಕಾಯುತ್ತದಂತೆ. ಆಡಿದ ಬಾಯಿ ಮತ್ತೆ ಎದುರಿಗೆ ಬಂದ ದಿನ ಹೊರಗೆ ಉಗುಳುತ್ತದಂತೆ. "ಯಾವತ್ತು ಉಗುಳುತ್ತೆ ಅಜ್ಜಿ?" ಎಂದು ಮೊಮ್ಮಗಳು ಕೇಳಿದರೆ, "ಗೋಡೆಗೇನೇ ಅವಸರ? ಅದಕ್ಕೇನು ಬಸ್ಸು ತಪ್ಪಿಹೋಗುತ್ತಾ?" ಎನ್ನುತ್ತಿದ್ದಳು.

ಆ ಮೊಮ್ಮಗಳು ಈಗ ಸೋದರಮಾವನ ಗಾಜಿನಂಗಡಿಯಲ್ಲಿ ಗಾಜು ಕೊಯ್ಯುತ್ತಾಳೆ. ಚಿಕ್ಕವಳಿದ್ದಾಗ ಮನೆಯವರು ಇಟ್ಟ 'ಕತೆಗುಬ್ಬಿ' ಎಂಬ ಅಡ್ಡಹೆಸರು ಅವಳನ್ನು ಇವತ್ತಿಗೂ ಬಿಟ್ಟಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಅಳುತ್ತಿದೆ ಎನ್ನುವವಳು, ಬಾಗಿಲು ಕಿರುಗುಟ್ಟಿದರೆ ಅದಕ್ಕೇನೋ ಹೇಳುವುದಿದೆ ಎನ್ನುವವಳು. ಆದರೆ ಗಾಜಿನ ಮುಂದೆ ನಿಂತಾಗ ಕನಸೆಲ್ಲ ಬದಿಗೆ. ಹಲಗೆಯ ಮೇಲೆ ಹಳೇ ಕಂಬಳಿ ಹಾಸಿ, ಗಾಜನ್ನು ಎಳೇ ಕೂಸಿನ ಹಾಗೆ ಮಲಗಿಸಿ, ಕೊಯ್ಯುವ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೀರು ಹಾಕುತ್ತಾಳೆ. ಆಮೇಲೆ ಅಂಚಿಗೆ ತಂದು ಹೆಬ್ಬೆರಳು ಒತ್ತಿದರೆ ಸಾಕು. ಟಿಕ್. ಗೀರಿದ ಕಡೆಯೇ ಗಾಜು ಎರಡಾಗುತ್ತದೆ.

ಆ ಸದ್ದು ಕೇಳಿದಾಗಲೆಲ್ಲ ಅವಳ ಹಲ್ಲು ತಂತಾನೆ ಕಚ್ಚಿಕೊಳ್ಳುತ್ತದೆ. ಯಾಕೆಂದು ಅವಳಿಗೆ ಗೊತ್ತು.

ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದವನ ಕೈ ಗಲ್ಲಾದ ಮೇಲೆ ಕೂತಿತು. ಕೈಯಲ್ಲಿ ನೀಲಿ ಕಲ್ಲಿನ ದಪ್ಪ ಉಂಗುರ. ಅವಳು ಮುಖ ನೋಡುವ ಮೊದಲೇ ಉಂಗುರದ ಗುರುತು ಹಿಡಿದಳು. ಇದ್ದಂಗಪ್ಪ! ಮನೆ ಕೊಂಡು ಮಾರುವುದು ಅವನ ಕಸುಬು. "ಇದ್ದದ್ದು ಇದ್ದ ಹಾಗೇ ಕೊಂಡ್ಕೋತೀನಿ, ಸುಣ್ಣಬಣ್ಣದ ತಾಪತ್ರಯ ನಿಮಗಿಲ್ಲ, ಆಮೇಲೆ ಹಿಂದಿರುಗಿ ನೋಡೋ ಹಾಗೂ ಇಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗುವವನಾದ್ದರಿಂದ ಜನ ಅವನ ಹೆಸರನ್ನೇ ಮರೆತಿದ್ದರು.

"ಬೆರಳಗಲದ ಪಟ್ಟಿ ಬೇಕು, ಗೇಣುದ್ದ," ಎಂದ. "ನಂಗೆ ಕೊಯ್ದು ಕೊಡ್ತಿದ್ದ ಅಂಗಡಿ ಮುಚ್ಚಿಹೋಯ್ತು. ಒಂದು ವಿಷಯ ತಾಯಿ, ಪಟ್ಟಿ ನಡುವೆ ಒಂದು ಗೀರು ಹಾಕಿಡು. ಹಿಂದುಗಡೆ. ಎದುರಿಗೆ ಕಾಣಬಾರದು."

"ಗೀರು ಹಾಕಿದ್ರೆ ಮುಟ್ಟಿದ ಕೂಡಲೇ ಒಡೆಯುತ್ತಲ್ಲ?"

"ಒಡೀಲಿ ಅಂತಾನೇ ಕೇಳ್ತಿರೋದು."

ಮೂಲೆಯಲ್ಲಿ ಕೂತು ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ ಮಾವ ತಲೆಯೆತ್ತಿದ. "ಒಡೆಯೋ ಗಾಜೇ ಬೇಕು ಅಂದ ಗಿರಾಕಿ ನೀವೊಬ್ಬರೇ ಸ್ವಾಮಿ. ಬಾಕಿಯವರು ಒಡೀತು ಅಂತ ಜಗಳಕ್ಕೆ ಬರ್ತಾರೆ."

ಇದ್ದಂಗಪ್ಪ ಹೊಟ್ಟೆ ಕುಣಿಸಿ ನಕ್ಕ. ಅವಳು ನಗಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಮುಳ್ಳಿನಂತೆ ನಿಂತಿದ್ದ ಒಂದು ಸಂಗತಿಗೆ ಆ ಗಳಿಗೆಯಲ್ಲಿ ಬುಡ ಸಿಕ್ಕಿತ್ತು.

ಅಪ್ಪ ತೀರಿಕೊಂಡ ವರ್ಷದ ಮಾತು. ನಡುಮನೆಯ ಗೋಡೆಯಲ್ಲಿ ಒಂದು ಬಿರುಕು ಕಾಣಿಸಿಕೊಂಡಿತ್ತು. ಹಾವಿನ ಮರಿಯಷ್ಟುದ್ದ. ಅಮ್ಮ ಯಾರನ್ನೋ ಕೇಳಿದಳು, ಅವರು ಇನ್ಯಾರಿಗೋ ಹೇಳಿದರು, ಕೊನೆಗೆ ಇದ್ದಂಗಪ್ಪ ಬಂದು ನಿಂತ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಗಾರೆ ಮೆತ್ತಿದ. "ಗೋಡೆ ಅಲ್ಲಾಡದೆ ಇದ್ರೆ ಈ ಗಾಜು ಹೀಗೇ ಇರುತ್ತೆ. ಗೋಡೆ ನಡೀತಿದ್ರೆ ಗಾಜು ಒಡೆಯುತ್ತೆ. ಗಾಜು ಸುಳ್ಳು ಹೇಳಲ್ಲ ತಾಯಿ," ಎಂದು ಹೋದ.

ವಾರ ಕಳೆದು ಬಂದಾಗ ಅಮ್ಮ ಅವನಿಗೆ ನೀರು ತರಲು ಒಳಗೆ ಹೋದಳು. ಅಜ್ಜಿಯ ಒರಗುಕುರ್ಚಿಯ ಹಿಂದೆ ಗೊಂಬೆಗೆ ಕಥೆ ಹೇಳುತ್ತಾ ಕೂತಿದ್ದ ಹುಡುಗಿಯನ್ನು ಅವನು ಗಮನಿಸಿರಲಿಲ್ಲ. ಅವನು ಗೋಡೆಗೆ ಕೈಯೂರಿದ. ಉಂಗುರದ ನೀಲಿ ಕಲ್ಲನ್ನು ಪಟ್ಟಿಯ ನಡುವೆ ಇಟ್ಟು ಒತ್ತಿದ. ಟಿಕ್.

"ಅಯ್ಯೋ ತಾಯಿ, ಬನ್ನಿ ಇಲ್ಲಿ! ಒಡೆದುಹೋಗಿದೆ! ನಿಮ್ಮ ಮನೆ ಕಾಲು ಕಿತ್ತಿದೆ!"

"ಅಮ್ಮ, ಈ ಮಾಮ ಉಂಗುರದಲ್ಲಿ ಒತ್ತಿದ್ರು! ನಾನು ನೋಡಿದೆ!"

ಅವನು ಅವಳ ತಲೆ ಸವರಿ, "ಮಗು ಚೆನ್ನಾಗಿ ಕಥೆ ಕಟ್ತಾಳೆ," ಎಂದ. ಬೆರಳು ಮುಟ್ಟಿದ ಮಾತ್ರಕ್ಕೆ ಗಾಜು ಒಡೆಯುವುದುಂಟೇ? ಸಾಲದ್ದಕ್ಕೆ ಅದೇ ದಿನ ಬೆಳಿಗ್ಗೆ ತಾನೆ ಅವಳು ಬೆಕ್ಕು ತನ್ನ ಜೊತೆ ಮಾತಾಡಿತೆಂದು ಹೇಳಿ ಬೈಸಿಕೊಂಡಿದ್ದಳು. "ಸಾಕು ಮಾಡೇ ನಿನ್ನ ಕಥೆ!" ಎಂದು ಅಮ್ಮ ರೇಗಿದಳು.

ಬೀಳುವ ಮನೆಯೆಂದು ಹೆದರಿ ಅಮ್ಮ ಅದನ್ನು ಅವನಿಗೇ ಕೈಗೆ ಸಿಕ್ಕಷ್ಟಕ್ಕೆ ಕೊಟ್ಟಳು, ಇದ್ದದ್ದು ಇದ್ದ ಹಾಗೆ. ಹೊರಡುವ ದಿನ ಅಜ್ಜಿಯ ಒರಗುಕುರ್ಚಿ ಎತ್ತಲು ಹೋದರೆ ಇದ್ದಂಗಪ್ಪ ಬಾಗಿಲಿಗೆ ಅಡ್ಡ ನಿಂತ. "ಇದ್ದ ಹಾಗೆ ಅಂದ್ರೆ ಇದ್ದ ಹಾಗೆ. ಕುರ್ಚಿಯೂ ಸೇರಿತು." ಅಜ್ಜಿ ಬಾಡಿಗೆ ಕೋಣೆಯ ನೆಲದ ಮೇಲೆ ಗೋಡೆಗೆ ಒರಗಿ ಕೂರಲು ಕಲಿತಳು. ಬೆನ್ನು ಕೊನೆಗೂ ಕಲಿಯಲಿಲ್ಲ. ಕಣ್ಣು ಮುಚ್ಚುವ ಮೊದಲು ಮೊಮ್ಮಗಳ ಕಿವಿಯಲ್ಲಿ, "ನೀನು ಕಂಡಿದ್ದು ನಿಜ ಕಣೇ. ಗೋಡೆ ಕೇಳಿಸ್ಕೊಂಡಿದೆ," ಎಂದಳು. ನಂಬಿದವಳು ಅವಳೊಬ್ಬಳೇ.

ಅಮ್ಮ ನಂಬಲಿಲ್ಲ. ನಂಬುವುದು ಅವಳ ಕೈಲಾಗುತ್ತಿರಲಿಲ್ಲ. ಮಗಳ ಮಾತು ನಿಜವಾದರೆ, ಗಟ್ಟಿ ಮನೆಯನ್ನು ಕೈಯಾರೆ ಕಳೆದವಳು ತಾನೇ ಎಂದಾಗುತ್ತಿತ್ತು. ಇದ್ದಂಗಪ್ಪ ಆ ಮನೆಯನ್ನು ಮಾರದೆ ತಾನೇ ಅಲ್ಲಿ ಬಿಡಾರ ಹೂಡಿದ. ಮಗಳು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದಳು: "ಬೀಳುತ್ತೆ ಅಂದ ಮನೆ ಇನ್ನೂ ಬಿದ್ದಿಲ್ಲವಲ್ಲಮ್ಮ?" ಹೊಲಿಗೆ ಯಂತ್ರದ ಚಕ್ರ ನಿಲ್ಲಿಸದೆ ಅಮ್ಮ ಹೇಳಿದ್ದಳು: "ರಿಪೇರಿ ಮಾಡಿಸಿರ್ತಾನೆ. ಹಳೇದನ್ನ ಕೆದಕಬೇಡ." ಆ ಬೀದಿಯಲ್ಲಿ ಹೋಗುವಾಗ ಅಮ್ಮ ಎದುರು ಸಾಲಿನ ಅಂಗಡಿಗಳನ್ನು ನೋಡುತ್ತಾ ನಡೆಯುತ್ತಿದ್ದಳು.

ಅಮ್ಮನ ಬಾಯಲ್ಲಿ ಒಂದು ಸಲ 'ನೀನು ಹೇಳಿದ್ದು ನಿಜ' ಎಂಬ ಮಾತು ಬರಬೇಕು. ಆ ಉಂಗುರದ ಕೈ ಒಂದು ಸಲ ನಡುಗಬೇಕು. ಕತೆಗುಬ್ಬಿ ಬದುಕಿನಲ್ಲಿ ಬೇರೆ ಏನನ್ನೂ ಇಷ್ಟು ಆಸೆಪಟ್ಟಿರಲಿಲ್ಲ.

"ಯಾವ ಮನೆಗೆ ಪಟ್ಟಿ?" ಎಂದು ಅವಳು ಈಗ ಗಾಜು ಒರೆಸುತ್ತಾ ಕೇಳಿದಳು.

"ಉದ್ಯಾನದ ಎದುರಿಗೆ ಮೂಲೆ ಮನೆ ಇಲ್ವಾ? ಆ ರಿಟೈರ್ಡ್ ನರ್ಸಮ್ಮನದ್ದು. ಎಷ್ಟು ಕಾಲದಿಂದ ಕಣ್ಣಿಟ್ಟಿದ್ದೆ! ಮಾರಕ್ಕಲ್ಲ, ನಾನೇ ಇರೋಕೆ. ಮಹಡಿ ಮೇಲೆ ಕೂತ್ರೆ ಮರಗಳ ತಲೆ ಕಾಣುತ್ತೆ."

ಅವಳು ಪಟ್ಟಿ ಕೊಯ್ದಳು. ಗೀರು ಹಾಕಲು ಹೊಸ ಚಕ್ರ ಕೈಗೆತ್ತಿಕೊಂಡು, ಅದನ್ನು ಕೆಳಗಿಟ್ಟು, ಮಾವ ಎಸೆಯದೆ ಇಟ್ಟಿದ್ದ ಮೊಂಡು ಚಕ್ರದಿಂದ ಹಗುರವಾಗಿ ಒಂದು ಗೆರೆ ಎಳೆದಳು. ನೋಡುವವರ ಕಣ್ಣಿಗೆ ಗೆರೆ, ಗಾಜಿಗೆ ಏನೂ ಅಲ್ಲ. ಆ ಪಟ್ಟಿಯನ್ನು ಉಂಗುರದಿಂದ ಎಷ್ಟು ಒತ್ತಿದರೂ ಅದು ಒಡೆಯುವುದಿಲ್ಲ. ನರ್ಸಮ್ಮನ ಎದುರಿಗೇ ಅವನು ಒತ್ತಿ ಒತ್ತಿ ಬೆವರಲಿ, ಕೈ ಜಾರಿ ಸಿಕ್ಕಿಬೀಳಲಿ! ಅವಳು ಅಂದುಕೊಂಡ ಸೇಡು ಇಷ್ಟೇ ಇತ್ತು.

ಆದರೆ ಗೋಡೆಗೆ ಬೇರೆಯದೇ ಲೆಕ್ಕವಿತ್ತು.

ಕೆಲವು ದಿನಗಳಲ್ಲಿ ನರ್ಸಮ್ಮ ಅಂಗಡಿಗೆ ಬಂದಳು. ಕಡ್ಡಿಯಂಥ ಹೆಂಗಸು, ಮಾತು ಇಂಜೆಕ್ಷನ್ನಿನ ಹಾಗೆ ನೇರ. "ಮತ್ತೆ ಕಿಟಕಿ ಗಾಜು ಹೋಯ್ತು ಕಣಮ್ಮ. ನೀನೇ ಹಾಕಿದ್ದಲ್ವಾ? ಯಾರೂ ಕಲ್ಲು ಹೊಡೆದಿಲ್ಲ, ಗಾಳಿಯೂ ಇಲ್ಲ. ಸುಮ್ಮನೆ ಪಟ್ ಅಂತು."

ಆ ಕಿಟಕಿಗೆ ಅವಳು ಎಷ್ಟೋ ಸಲ ಗಾಜು ಹಾಕಿದ್ದಳು. ಹೋದಾಗಲೆಲ್ಲ ಚೌಕಟ್ಟು ಹೋದ ಸಲಕ್ಕಿಂತ ಸ್ವಲ್ಪ ಸೊಟ್ಟಗಾಗಿರುತ್ತಿತ್ತು. ಮರ ಉಬ್ಬಿರಬೇಕು ಎಂದು ಮಾವ ಹೇಳಿದ್ದ.

"ಮರ ಅಲ್ಲ, ಮನೆ," ಎಂದಳು ನರ್ಸಮ್ಮ. "ಅದು ಹಳೇ ಕಲ್ಲುಕ್ವಾರಿ ಹಳ್ಳ. ಮಣ್ಣು ತುಂಬಿಸಿ ಮೇಲೆ ಕಟ್ಟಿದ್ದಾರೆ. ಮನೆ ಕೆಳಕ್ಕೆ ಕೂರ್ತಾ ಇದೆ. ಬಂದ ಗಿರಾಕಿಗಳಿಗೆಲ್ಲ ಹೇಳಿದೆ, ಎಲ್ಲರೂ ಓಡಿಹೋದ್ರು. ಆ ಇದ್ದಂಗಪ್ಪನಿಗೂ ಹೇಳಿದೆ. ಅವನು ಹಲ್ಲುಕಿರಿದು, ಅದಕ್ಕೇ ತಾನೆ ನಾನು ಬಂದಿರೋದು ಅಂದ. ಏನೋ ಗಾಜಿನ ಪಟ್ಟಿ ಅಂಟಿಸಿ ಹೋದ. ಚಹಾ ಕುಡೀತಾ ಕೂತಿದ್ದೆ, ನನ್ನ ಕಣ್ಣೆದುರಿಗೇ ಅದು ಎರಡಾಯ್ತು."

ಕತೆಗುಬ್ಬಿಯ ಕೈಯಲ್ಲಿದ್ದ ಬಟ್ಟೆ ನಿಂತಿತು. "ತಾನೇ?"

"ತಾನೇ. ಅವನಿನ್ನೂ ಬಂದೇ ಇರಲಿಲ್ಲ. ಬಂದ ಮೇಲೆ ಹೇಳಿದ್ರೆ ಕಣ್ಣು ಮಿಟುಕಿಸ್ತಾನೆ! ಸಿಸ್ಟರ್, ನೀವು ಹೆದರಬೇಡಿ, ಅಪಾಯ ಎಲ್ಲ ನನಗಿರಲಿ, ಇದ್ದ ಹಾಗೇ ಕೊಡಿ ಅಂದ. ಕೊಡ್ತೀನಿ. ತಂಗಿ ಮನೆಗೆ ಹೋಗ್ತೀನಿ. ಇದಕ್ಕಿಂತ ಬಿಡಿಸಿ ಹೇಳೋಕೆ ನನ್ನ ಕೈಲಾಗಲ್ಲ. ಎಕ್ಸ್‌ರೇ ತೆಗೆದು ತೋರಿಸ್ಲಾ?"

ನರ್ಸಮ್ಮ ಹೋದ ಮೇಲೆ ಕತೆಗುಬ್ಬಿ ಹಲಗೆಗೆ ಒರಗಿ ನಿಂತಳು. ಗೀರು ಇಲ್ಲದ ಪಟ್ಟಿ ಒಡೆದಿದೆ. ಅಂದರೆ ಗೋಡೆಯೇ ಅದನ್ನು ಮುರಿದಿದೆ. ಆದರೆ ಇದ್ದಂಗಪ್ಪ ಏನೆಂದುಕೊಂಡಿರಬಹುದು? ಗೀರು ಹಾಕಿಸಿದ ಪಟ್ಟಿ, ಗಾರೆ ಒಣಗುವಾಗ ಎಳೆತಕ್ಕೆ ಸಿಕ್ಕಿ ಮೊದಲೇ ಒಡೆದಿದೆ, ತನ್ನ ಉಂಗುರಕ್ಕೆ ಕೆಲಸ ಉಳಿಯಿತು ಎಂದು. ಬದುಕಿಡೀ ಗಟ್ಟಿ ಮನೆಗಳನ್ನು ಬೀಳುವ ಮನೆ ಎಂದು ಹೇಳಿಕೊಂಡು ಬಂದವನಿಗೆ, ನಿಜವಾಗಿ ಬೀಳುವ ಮನೆಯೊಂದು ಇರಬಹುದೆಂಬುದೇ ಮರೆತುಹೋಗಿತ್ತು.

ಅವಳ ಎದೆಯೊಳಗೆ ಏನೋ ಬೆಚ್ಚಗೆ ಹೆಡೆಯೆತ್ತಿತು.

ಮಾರನೇ ವಾರ ಅವನು ಖುಷಿಯಲ್ಲಿ ತೇಲುತ್ತಾ ಬಂದ. ಹೊಸ ಮನೆಯ ಮಹಡಿಗೆ ಆಳೆತ್ತರದ ಕನ್ನಡಿ ಬೇಕಂತೆ. ಹಳೇ ಮನೆಯನ್ನು ಬೇಗ ಮಾರಿ ಆ ದುಡ್ಡನ್ನು ಇದಕ್ಕೆ ಸುರಿಯಬೇಕಂತೆ. "ಯಾರಾದ್ರೂ ಇದ್ರೆ ಹೇಳಿ. ಇದ್ದದ್ದು ಇದ್ದ ಹಾಗೆ. ಅವಸರ ಇದೆ, ಹಾಗಾಗಿ ಜಾಸ್ತಿ ಎಳೆಯಲ್ಲ."

ಅವನಿಗೆ ಹೇಳದೆ ಇರಬಹುದಿತ್ತು. ಆದರೆ ಬಾಯಿ ಮುಚ್ಚಿಕೊಂಡಿದ್ದು ತೀರಿಸಿಕೊಂಡ ಸೇಡು ಅವಳಿಗೆ ಸಪ್ಪೆ ಎನಿಸಿತು. ಅಂದು ಹೇಳಿದ ಹಾಗೇ ಇಂದೂ ನಿಜವನ್ನೇ ಹೇಳಬೇಕು. ಅವನು ನಂಬಲೂಬಾರದು. ಅದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕಣ್ಣರಳಿಸಿ, ದನಿ ತಗ್ಗಿಸಿ, ಥೇಟ್ ಅಜ್ಜಿಯ ಹಾಗೆ ಕೈ ತಿರುಗಿಸುತ್ತಾ ಶುರುಮಾಡಿದಳು.

"ಒಂದು ಮಾತು ಹೇಳ್ಲಾ ಅಣ್ಣ? ಗೋಡೆಗೂ ಹೊಟ್ಟೆ ಇರುತ್ತೆ. ಅದು ಸುಳ್ಳು ನುಂಗಿ ಕಾಯ್ತಾ ಇರುತ್ತೆ. ನಿಮ್ಮ ಮೂಲೆ ಮನೆ ಕೆಳಗೆ ಒಂದು ದೊಡ್ಡ ಬಾಯಿ ಇದೆ, ಮನೇನ ಚೂರು ಚೂರೇ ನುಂಗ್ತಾ ಇದೆ. ನಾನು ಕೊಟ್ಟ ಪಟ್ಟಿಗೆ ಗೀರೇ ಹಾಕಿರಲಿಲ್ಲ. ಆದ್ರೂ ಒಡೀತು. ನೀವು ಆ ಮನೆ ಕೊಳ್ಳಬೇಡಿ."

ಇದ್ದಂಗಪ್ಪನ ನಗು ಕನ್ನಡಿಗಳಿಗೆಲ್ಲ ಬಡಿದು ವಾಪಸು ಬಂತು.

"ಏನ್ರೀ, ನಿಮ್ಮ ಹುಡುಗಿ ಚೆನ್ನಾಗಿ ಕಥೆ ಕಟ್ತಾಳೆ! ಗೀರು ನಾನೇ ನೋಡಿದೀನಮ್ಮ, ಈ ಕಣ್ಣಿಂದ. ನಂಗೇ ಕಿವಿ ಮೇಲೆ ಹೂವಿಡ್ತೀಯಾ?"

"ಹೇಳೋದು ಹೇಳಿದೆ," ಎಂದಳು ಅವಳು ಮೆಲ್ಲಗೆ. "ಮಾವ, ನೀನು ಕೇಳಿಸ್ಕೊಂಡೆ ಅಲ್ವಾ?"

"ನಂಗೆ ಮೊಳೆ ಸದ್ದು ಬಿಟ್ರೆ ಏನೂ ಕೇಳಲ್ಲ," ಎಂದು ಮಾವ ಸುತ್ತಿಗೆ ಎತ್ತಿಕೊಂಡ. ಅವನ ಮೀಸೆಯ ಅಂಚು ಮಾತ್ರ ಅಲ್ಲಾಡುತ್ತಿತ್ತು.

ಅಂದು ಸಂಜೆ ಅವಳು ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂತಳು. "ನಮ್ಮ ಮನೆ ಮಾರಾಟಕ್ಕಿದೆ. ನೋಡ್ಕೊಂಡು ಬರೋಣ ಬಾ."

"ಬೀಳೋ ಮನೆ ತಗೊಂಡು ಏನು ಮಾಡ್ತೀಯೇ?"

"ಕೊಳ್ಳೋದು ಬಿಡು. ಬಂದು ನೋಡು ಸಾಕು. ಬಾಯಿ ಬಿಡಬೇಡ, ನೋಡು ಅಷ್ಟೆ."

ಅಮ್ಮ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡಿದಳು. ಮಾರನೆಯ ದಿನ ಒಳ್ಳೇ ಸೀರೆ ಉಟ್ಟು ತಾನೇ ಮೊದಲು ಚಪ್ಪಲಿ ಮೆಟ್ಟಿದಳು.

ಇದ್ದಂಗಪ್ಪ ಅಮ್ಮನ ಗುರುತು ಹಿಡಿಯಲಿಲ್ಲ. ಅವನು ಗೋಡೆ ನೋಡುವ ಮನುಷ್ಯ, ಮುಖ ನೋಡಿದವನಲ್ಲ. ಅಮ್ಮ ಹೊಸ್ತಿಲು ದಾಟುವಾಗ ಕೈ ತಂತಾನೆ ಬಾಗಿಲ ಹಿಂದಿನ ಗೂಡಿಗೆ ಹೋಗಿ, ಅಲ್ಲಿ ಹಿಂದೆ ಇರುತ್ತಿದ್ದ ಕೀಲಿಯನ್ನು ತಡಕಿ, ಬರಿದಾಗಿ ವಾಪಸು ಬಂತು. ನಡುಮನೆಯಲ್ಲಿ ಅಜ್ಜಿಯ ಒರಗುಕುರ್ಚಿ ಇತ್ತು, ಕೈಹಿಡಿಯ ಮೇಲೆ ಅವನ ಟವೆಲ್ಲು. ಅದರ ಎದುರಿನ ಗೋಡೆಯಲ್ಲಿ ಬಿರುಕು. ಹಾವಿನ ಮರಿಯಷ್ಟುದ್ದ. ಒಂದೆಳೆಯೂ ಬೆಳೆದಿರಲಿಲ್ಲ.

"ಇದೇನಿದು, ಬಿರುಕು?" ಎಂದಳು ಕತೆಗುಬ್ಬಿ, ಏನೂ ಅರಿಯದವಳ ಹಾಗೆ.

"ಇದಾ?" ಇದ್ದಂಗಪ್ಪ ಗೋಡೆಗೆ ಕೈಯೂರಿದ. ಅದೇ ಜಾಗ, ಅದೇ ಉಂಗುರ. "ಬರೀ ಮೇಲಿನ ಗಾರೆ ಒಣಗಿ ಬಿಟ್ಟಿರೋದು. ಈ ಮನೆ ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ. ನಾನು ಕೊಂಡಾಗಿನಿಂದ ಹೀಗೇ ಇದೆ."

ಅಮ್ಮನ ದನಿ ಎಲ್ಲೋ ಆಳದಿಂದ ಬಂತು. "ರಿಪೇರಿ ಮಾಡಿಸಿದ್ರಾ?"

"ರಿಪೇರಿನಾ? ಒಂದು ಕರಣೆ ಗಾರೆ ಮೆತ್ತಿಸಿಲ್ಲ ತಾಯಿ! ಗಟ್ಟಿ ಗೋಡೆಗೆ ಯಾಕೆ ರಿಪೇರಿ?"

"ಗಾಜು... ಗಾಜಿನ ಪಟ್ಟಿ ಅಂಟಿಸಿ ನೋಡ್ತಾರಂತಲ್ಲ?"

ಅವನು ಗುಟ್ಟು ಹೇಳುವವನಂತೆ ಬಗ್ಗಿದ. ಮಾರುವ ಉತ್ಸಾಹದಲ್ಲಿ ಅವನ ನಾಲಿಗೆಗೆ ಲಗಾಮು ಇರಲಿಲ್ಲ. "ಆ ಗಾಜು ಹೆದರೋರಿಗೆ ತಾಯಿ. ಹೆದರಿಸಬೇಕು ಅನ್ನೋರು ಅದನ್ನ ಬೆರಳಲ್ಲೇ ಒಡೀತಾರೆ. ನಿಮ್ಮಂಥ ತಿಳಿದೋರು ಅದಕ್ಕೆಲ್ಲ ಬೀಳಬಾರದು. ಹಿಂದೆ ಇಲ್ಲಿದ್ದೋರು ಬಿದ್ರು, ಪಾಪ. ಬಂಗಾರದಂಥ ಮನೆ ಬಿಟ್ಟು ಎದ್ದುಹೋದ್ರು."

ಗೋಡೆ ಉಗುಳಿತ್ತು. ಅದೇ ಗೋಡೆ, ಅದೇ ಬಾಯಿಂದ.

ಅಮ್ಮ ಮಗಳ ಕಡೆ ತಿರುಗಲಿಲ್ಲ. ಅವಳ ಕೈ ಮಾತ್ರ ಪಕ್ಕಕ್ಕೆ ಬಂದು ಮಗಳ ಮಣಿಕಟ್ಟನ್ನು ಹುಡುಕಿ, ಬಳೆ ಮುರಿಯುವಷ್ಟು ಬಿಗಿಯಾಗಿ ಹಿಡಿಯಿತು. ಅಮ್ಮ ಅವನಿಗೆ ಕೇಳಿಸದಂತೆ ಹೇಳಿದಳು: "ನೀನು ಹೇಳಿದ್ದು ನಿಜ ಕಣೇ. ನಾನೇ... ನಾನೇ ಕಿವುಡಿಯಾಗಿದ್ದೆ."

ಆಮೇಲೆ ಗಟ್ಟಿಯಾಗಿ: "ಕೊಂಡ್ಕೋತೀವಿ."

ಮಗಳು ಬೆಚ್ಚಿ ನೋಡಿದಳು. ಅಮ್ಮನ ಮುಖದಲ್ಲಿ ಅವಳು ಎಂದೂ ಕಾಣದ ಒಂದು ಕಳೆ ಬಂದಿತ್ತು. ಇಬ್ಬರ ಉಳಿತಾಯ, ಮಾವನ ಕೈಗಡ, ಬ್ಯಾಂಕಿನ ಸಾಲ ಎಲ್ಲ ಸೇರಿಸಿ ಹೇಗೋ ಹೊಂದಿಸಿದರು. ಅವನಿಗೆ ಅವಸರವಿತ್ತು, ಅಮ್ಮನಿಗೆ ಇರಲಿಲ್ಲ. ಗೋಡೆಗೆ ಇರುವಷ್ಟೇ ತಾಳ್ಮೆಯಿಂದ ಚೌಕಾಸಿ ಮಾಡಿದಳು.

ಕೀಲಿ ಕೊಡುವ ದಿನ ಅವನು ಒರಗುಕುರ್ಚಿಯನ್ನು ಎತ್ತಿ ಹೆಗಲಿಗೇರಿಸಿದ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕೆಳಗಿಡಿ. ಇದ್ದದ್ದು ಇದ್ದ ಹಾಗೆ."

"ಅಯ್ಯೋ ತಾಯಿ, ಇಷ್ಟು ವರ್ಷ ಕೂತು ಅಭ್ಯಾಸ ಆಗಿದೆ, ನನ್ನ ಬೆನ್ನು..."

"ಬೆನ್ನು ನಿಮ್ಮದು, ತಗೊಂಡು ಹೋಗಿ. ಕುರ್ಚಿ ಮನೇದು."

ಮಳೆಗಾಲ ಬಂತು. ಇದ್ದಂಗಪ್ಪ ಮೊದಲು ಒಂದು ಕಿಟಕಿ ಗಾಜಿಗೆಂದು ಬಂದ. ಆಮೇಲೆ ಇನ್ನೊಂದಕ್ಕೆ. ಆಮೇಲೆ ಆಳೆತ್ತರದ ಕನ್ನಡಿ ಮೂಲೆಯಿಂದ ಮೂಲೆಗೆ ಸೀಳಿತು. ಬಾಗಿಲುಗಳು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚಲು ಒಲ್ಲೆ ಎನ್ನುತ್ತಿದ್ದವಂತೆ. ಮಹಡಿಯಲ್ಲಿ ಇಟ್ಟ ಪೆನ್ನು ತಾನೇ ಉರುಳಿ ಗೋಡೆಯ ಬುಡ ಸೇರುತ್ತದಂತೆ. ಪ್ರತಿ ಸಲ ಬಂದಾಗಲೂ ಅವನ ದನಿ ಒಂದು ಮೆಟ್ಟಿಲು ಇಳಿದಿರುತ್ತಿತ್ತು.

ಕೊನೆಗೊಂದು ದಿನ ಬಂದು ಸುಮ್ಮನೆ ಗಲ್ಲಾ ಹಿಡಿದು ನಿಂತ. "ಒಂದು ಪಟ್ಟಿ ಕೊಡು ತಾಯಿ. ಗೀರು ಇಲ್ಲದ್ದು. ಗೋಡೆ ನಿಜವಾಗ್ಲೂ ನಡೀತಿದೆಯಾ ಅಂತ ನೋಡಬೇಕು."

"ಅದನ್ನ ಆಗಲೇ ಕೊಟ್ಟಿದ್ದೆನಲ್ಲ ಅಣ್ಣ. ಮೊದಲ ದಿನವೇ. ಹೇಳಿಯೂ ಹೇಳಿದ್ದೆ."

"ನಾನು... ಕಥೆ ಅಂದ್ಕೊಂಡೆ."

"ಆವತ್ತೂ ಹಾಗೇ ಅಂದಿದ್ರಿ. ಕುರ್ಚಿ ಹಿಂದೆ ಗೊಂಬೆ ಇಟ್ಕೊಂಡು ಕೂತಿದ್ದೆ. ನನ್ನ ತಲೆ ಸವರಿದ್ರಿ."

ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಇದ್ದಂಗಪ್ಪ ಒಂದು ಮುಖವನ್ನು ನೋಡಿದ. ನೋಡುತ್ತಾ ನೋಡುತ್ತಾ ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಅಮ್ಮ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಅವನು ಅವಳ ಮುಖವನ್ನೂ ನೋಡಿದ.

"ತಾಯಿ," ಎಂದ, ದನಿ ಬಿದ್ದುಹೋಗಿತ್ತು. "ನರ್ಸಮ್ಮನ ಹತ್ರ ಹೋಗಿದ್ದೆ. ಇದ್ದ ಹಾಗೇ ಕೊಂಡಿದ್ದೀಯ ಹೋಗಪ್ಪ ಅಂದ್ಳು. ಯಾರೂ ಕೊಳ್ತಿಲ್ಲ. ಕೂತಲ್ಲಿ ಗೋಡೆ ಸದ್ದು ಮಾಡುತ್ತೆ. ನನ್ನ ಹಳೇ ಮನೇಲಿ ಒಂದು ಕೋಣೆನಾದ್ರೂ... ಬಾಡಿಗೆಗೆ..."

ಅಮ್ಮ ಡಬ್ಬಿಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು. "ಬೇಡಪ್ಪ. ಆ ಮನೆ ಕಾಲು ಕಿತ್ತಿದೆ ಅಂತ ನೀವೇ ಹೇಳಿದ್ರಿ. ಬೀಳೋ ಮನೇಲಿ ನಿಮ್ಮನ್ನ ಇಟ್ಕೊಂಡು ನಾನು ಪಾಪ ಕಟ್ಕೊಳ್ಳಲಾ?"

ಕತೆಗುಬ್ಬಿ ತನ್ನೊಳಗೆ ಕನಿಕರಕ್ಕಾಗಿ ಒಂದು ಗಳಿಗೆ ಕಾದಳು. ಅಜ್ಜಿಯ ಕಥೆಗಳಲ್ಲಿ ಕೊನೆಗೆ ಯಾರಾದರೂ ಯಾರನ್ನಾದರೂ ಕ್ಷಮಿಸುತ್ತಿದ್ದರು. ಆದರೆ ಬಾಡಿಗೆ ಕೋಣೆಯ ನೆಲದ ಮೇಲೆ ಬಗ್ಗಿ ಹೋದ ಒಂದು ಬೆನ್ನು ಅವಳ ಕಣ್ಣೆದುರು ಬಂತು. ಕನಿಕರ ಬರಲಿಲ್ಲ.

ಅವಳು ಗಾಜನ್ನು ಕಂಬಳಿಯ ಮೇಲೆ ಮಲಗಿಸಿದಳು. ಹೊಸ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿದಳು. ಅವನು ಕೇಳಿದ್ದ ಪಟ್ಟಿಯ ಅಳತೆಗೆ ಒಂದೇ ಉಸಿರಿಗೆ ಗೀರೆಳೆದು, ಅಂಚಿಗೆ ತಂದು, ಅವನ ಕಣ್ಣಲ್ಲಿ ಕಣ್ಣಿಟ್ಟು ಹೆಬ್ಬೆರಳು ಒತ್ತಿದಳು.

ಟಿಕ್.

ಗಲ್ಲಾದ ಮೇಲಿದ್ದ ಉಂಗುರದ ಕೈ ನಡುಗಿತು. ಅವಳ ಹಲ್ಲು ಈ ಸಲ ಕಚ್ಚಿಕೊಳ್ಳಲಿಲ್ಲ.